ಅಂಗಡಿಯಲ್ಲಿ ಇರಲಿಲ್ಲ ಅಂದ ಸದ್ದು

ನನ್ನ ಕಿವಿಯ ಪರೀಕ್ಷೆ ಎರಡು ಸಲ ಆಗಿದೆ. ಎರಡನೆಯದು ಹಾಸನದ ಡಾಕ್ಟರ ಹತ್ತಿರ, ಚೀಟಿ ಬರೆಸಿ, ಬೆಂಚಿನ ಮೇಲೆ ಕಾದು ಮಾಡಿಸಿಕೊಂಡದ್ದು. ಮೊದಲನೆಯದು ಬೆಂಗಳೂರಿನ ಒಂದು ಅಂಗಡಿಯಲ್ಲಿ ಆಯಿತು. ಅದನ್ನು ಪರೀಕ್ಷೆ ಅಂತ ಯಾರೂ ಕರೆದಿರಲಿಲ್ಲ. ತಮ್ಮನಿಗೆ ಒಂದು ಡಬ್ಬಿ ಆರಿಸಿ ತರಲು ಹೋಗಿದ್ದೆ, ಅಷ್ಟೆ. ಆ ದಿನ ನಾನು ಮಾಡಿದ್ದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಬರೆಯುವುದು ನಿಧಾನ. ಆದರೂ ಬಾಯಿಬಿಟ್ಟು ಹೇಳುವುದಕ್ಕಿಂತ ಇದೇ ಸುಲಭ ಅನ್ನಿಸಿದೆ.

ತಮ್ಮ ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಮೂರು ವರ್ಷದವನಾಗಿದ್ದಾಗ ದಡಾರ ಬಂದು ಎರಡು ಕಣ್ಣೂ ಹೋದವು. ಅವನಿಗೆ ಬೆಳಕಿನ ನೆನಪಿಲ್ಲ. ಅಂಧ ಮಕ್ಕಳ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿದ, ಹಾಗಾಗಿ ಮನೆಯಲ್ಲಿ ಹೆಚ್ಚು ಓದಿದವನು ಅವನೇ. ತೊಂಬತ್ತರ ದಶಕದ ನಡುವೆ ಬೆಳಗೋಡಿನಲ್ಲಿ ಬಸ್ಸು ನಿಲ್ಲುವ ಕಡೆ ಅವನಿಗೊಂದು ಎಸ್.ಟಿ.ಡಿ. ಬೂತು ಮಂಜೂರಾಯಿತು. ಹತ್ತು ವರ್ಷ ಅದು ಅವನನ್ನು ಸಾಕಿತು. ಮೆಟ್ಟಿಲು ಹತ್ತುವ ಸದ್ದಿನಲ್ಲೇ ಬಂದವರು ಯಾರು ಅಂತ ಹೇಳಿಬಿಡುತ್ತಿದ್ದ.

‘ಏನ್ ರೈಟರೇ, ಇವತ್ತು ಹೊಸ ಚಪ್ಲಿ?’ ಅನ್ನುತ್ತಿದ್ದ, ನಮ್ಮ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರು ಒಳಗೆ ಕಾಲಿಡುವ ಮೊದಲೇ.

‘ನಿನ್ ಹತ್ರ ಕಳ್ಳತನ ಮಾಡಂಗಿಲ್ವಲ್ಲೋ ಮಾರಾಯ. ನಾಳೆ ಬರಿಗಾಲಲ್ಲಿ ಬತ್ತೀನಿ, ಕಂಡುಹಿಡಿ ನೋಡಾಣ.’

‘ಬನ್ನಿ. ನಿಮ್ ಎಡಗಡೆ ಮೊಣಕಾಲು ಲಟಕ್ ಅಂತೈತೆ. ಅಷ್ಟು ಸಾಕು ನಂಗೆ.’

ಎರಡು ಸಾವಿರದ ಐದು, ಆರರ ಹೊತ್ತಿಗೆ ಎಲ್ಲರ ಜೇಬಿಗೂ ಮೊಬೈಲ್ ಬಂತು. ಬೂತಿಗೆ ಬರುವವರು ನಿಂತರು. ಇವತ್ತು ಒಬ್ಬರೂ ಮೆಟ್ಟಿಲು ಹತ್ತಲಿಲ್ಲ ಅಂತ ಒಂದು ಸಂಜೆ ಅವನೇ ಹೇಳಿದ. ಸಿಟ್ಟಿನಿಂದಲ್ಲ, ಇವತ್ತು ಮೋಡ ಇತ್ತು ಅನ್ನುವ ಹಾಗೆ.

ಆ ಹೊತ್ತಿಗೆ ಹಾಸನದ ಒಂದು ಸಣ್ಣ ಸಂಸ್ಥೆಯವರು ಅವನನ್ನು ಕರೆಸಿದರು. ಕಣ್ಣಿಲ್ಲದ ಮಕ್ಕಳಿಗಾಗಿ ಪಾಠಗಳನ್ನು ಓದಿಸಿ ರೆಕಾರ್ಡ್ ಮಾಡಿಸುತ್ತಿದ್ದ ಸಂಸ್ಥೆ ಅದು. ಹಳೆಯ ಕ್ಯಾಸೆಟ್ಟುಗಳ ದೊಡ್ಡ ರಾಶಿ ಅವರಲ್ಲಿತ್ತು. ಎಲ್ಲವನ್ನೂ ಸಿ.ಡಿ.ಗೆ ಇಳಿಸಿದ್ದರು. ಆದರೆ ಓದುವವರ ದನಿಯ ಹಿಂದೆ ಟೇಪಿನ ಸುಯ್ ಸದ್ದು, ಫ್ಯಾನಿನ ಗುಂಯ್, ಯಾರೋ ಕುರ್ಚಿ ಎಳೆದದ್ದು, ಕೆಮ್ಮಿದ್ದು. ಕಂಪ್ಯೂಟರಿನಲ್ಲಿ ಕೂತು ಇದನ್ನೆಲ್ಲ ತೆಗೆಯಬೇಕು. ಕಣ್ಣು ಬೇಡದ, ಕಿವಿ ಮಾತ್ರ ಬೇಕಾದ ಕೆಲಸ. ಮೂರು ತಿಂಗಳು ಹಾಸನದಲ್ಲಿಟ್ಟುಕೊಂಡು ಕಲಿಸಿದರು. ಪರದೆಯ ಮೇಲಿರುವುದನ್ನು ಓದಿ ಹೇಳುವ ಹಳೆಯ ಕಂಪ್ಯೂಟರೊಂದನ್ನೂ ಒಳ್ಳೆಯ ಹೆಡ್‌ಫೋನನ್ನೂ ಕೊಟ್ಟು ಕಳಿಸಿದರು. ಮನೆಯಲ್ಲಿ ಕೂತು ಹತ್ತು ಪಾಠ ಶುದ್ಧ ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ರಾಶಿಯೆಲ್ಲ ಅವನದು, ಎಷ್ಟೋ ವರ್ಷಕ್ಕಾಗುವಷ್ಟು ಕೆಲಸ. ಇಲ್ಲದಿದ್ದರೆ ಬೇರೆಯವರಿಗೆ.

ತೊಂದರೆ ಕಂಪ್ಯೂಟರಿನಲ್ಲೇ ಇತ್ತು. ಹೆಡ್‌ಫೋನ್ ಸಿಕ್ಕಿಸುವ ತೂತಿನಿಂದ ಅಟ್ಟದ ಮೇಲೆ ಇಲಿ ಓಡಾಡಿದ ಹಾಗೆ ಕರಕರ ಸದ್ದು ಬರುತ್ತಿತ್ತಂತೆ. ಸಾಲದ್ದಕ್ಕೆ, ಆ ಹೆಡ್‌ಫೋನಿಗೆ ಬೇಕಾದಷ್ಟು ಬಲ ಅಲ್ಲಿಂದ ಸಿಗುತ್ತಿರಲಿಲ್ಲ. ತಮ್ಮ ನನಗೆ ಬಿಡಿಸಿ ಹೇಳಿದ. ಕಂಪ್ಯೂಟರಿನ ಒಳಗೆ ದನಿ ದನಿಯಾಗಿ ಇರುವುದಿಲ್ಲ, ಅಂಕಿಗಳಾಗಿ ಇರುತ್ತದೆ. ಅಂಕಿಯನ್ನು ಮತ್ತೆ ದನಿ ಮಾಡಲು ಒಂದು ಯಂತ್ರ ಬೇಕು. ಆ ದನಿಯನ್ನು ಕಿವಿಗೆ ಮುಟ್ಟುವಷ್ಟು ಬಲಪಡಿಸಲು ಇನ್ನೊಂದು. ಎರಡೂ ಒಂದೇ ಡಬ್ಬಿಯಲ್ಲಿರುವಂಥದ್ದು ಈಗ ಬಂದಿದೆ. ಅದನ್ನು ಹೊರಗಿಟ್ಟು, ಒಂದು ವೈರಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಒಳಗಿನ ಗಲಾಟೆ ಕಿವಿಗೆ ಬರುವುದಿಲ್ಲ.

‘ಕಾಫಿ ಬೀಜ ಹುರಿಯೋದೂ ಪುಡಿ ಮಾಡೋದೂ ಒಂದೇ ಮಿಷನ್ನಲ್ಲಿ ಅಂದಂಗೆ,’ ಅಂದೆ.

‘ಹೂಂ. ಆದ್ರೆ ಕುಡಿಯೋನು ನಾನು ಕಣಣ್ಣ,’ ಅಂದ.

ಇನ್ನು ನನ್ನ ಕೆಲಸ ಹೇಳಬೇಕು. ನಾನು ಎಸ್ಟೇಟಿನ ಪಲ್ಪರ್ ಮನೆಯಲ್ಲಿದ್ದೆ. ಕೊಯ್ದು ತಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನಿಗೆ ಪಲ್ಪರ್ ಅನ್ನುತ್ತಾರೆ. ತಾಮ್ರದ ತಗಡು ಹೊದಿಸಿದ ಉರುಳೆಯೊಂದು ತಿರುಗುತ್ತಿರುತ್ತದೆ, ಪಕ್ಕದಲ್ಲೇ ಡೀಸೆಲ್ ಇಂಜಿನ್ನು. ಹದಿನಾರನೇ ವಯಸ್ಸಿನಿಂದ ಪ್ರತಿ ಕೊಯ್ಲಿನ ಕಾಲವೂ ನಾನು ಅದರ ಮಗ್ಗುಲಲ್ಲೇ ಕಳೆದಿದ್ದೇನೆ. ಹಣ್ಣಿನ ಜೊತೆ ಒಂದು ಕಲ್ಲು ಹೋದರೆ ತಗಡು ಹರಿಯುತ್ತದೆ. ಕಲ್ಲು ಬಿದ್ದ ಸದ್ದು ಹಿಡಿದು ತಕ್ಷಣ ನಿಲ್ಲಿಸುತ್ತೇನೆ ಅಂತ ನನಗೆ ಹೆಸರಿತ್ತು. ಎಸ್ಟೇಟಿನ ಸಾಹುಕಾರರು ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು. ‘ಕಿವಿ ಅಂದ್ರೆ ಇವಂದು ಕಣ್ರೀ. ಅಷ್ಟು ಗಲಾಟೇಲಿ ಒಂದು ಹರಳು ಬಿದ್ರೂ ಬಿಡಲ್ಲ.’ ಓದಿಲ್ಲದವನಿಗೆ ಇದ್ದ ಸರ್ಟಿಫಿಕೇಟು ಅದೊಂದೇ.

ಒಂದು ಕಾಲದಲ್ಲಿ ಅದು ನಿಜವಾಗಿತ್ತು. ಆಮೇಲೆ ಯಾವಾಗಲೋ ಎಡಗೈಯನ್ನು ಮಿಷನ್ನಿನ ಮೈಮೇಲೆ ಇಟ್ಟುಕೊಂಡು ನಿಲ್ಲುವುದು ರೂಢಿಯಾಯಿತು. ಕಲ್ಲು ಬಿದ್ದರೆ ಅಂಗೈಗೆ ತಿಳಿಯುತ್ತಿತ್ತು. ಕಿವಿಗೆ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದ್ದು ಹೆಂಡತಿ ಹೇಳಿದ ಮೇಲೆ ಗೊತ್ತಾಗುತ್ತಿತ್ತು. ತೋಟಕ್ಕೆ ಹೊಡೆಯುವ ಔಷಧಿಯಿಂದ ಜೀರುಂಡೆಗಳೆಲ್ಲ ಸತ್ತುಹೋಗಿವೆ ಅಂತ ನಾನು ತಿಳಿದಿದ್ದೆ. ಒಂದು ಸಲ ರೈಟರ ಹತ್ತಿರ ಹಾಗಂತ ಹೇಳಿಯೂ ಬಿಟ್ಟೆ. ಅವರು ನನ್ನ ಮುಖ ನೋಡಿ ಮಾತು ಬದಲಾಯಿಸಿದರು.

ಡಬ್ಬಿ ತರಲು ಇಬ್ಬರೂ ಹೋಗುವುದು ಅಂತ ಆಗಿತ್ತು. ಹೋಗಬೇಕಾದ ವಾರ ತಮ್ಮನಿಗೆ ಚಿಕುನ್‌ಗುನ್ಯಾ ಜ್ವರ ಬಂತು. ಮಂಚದಿಂದ ಇಳಿಯಲು ಆಗದ ಹಾಗೆ ಕೀಲುಗಳೆಲ್ಲ ಹಿಡಿದುಕೊಂಡವು. ಹತ್ತು ಪಾಠಕ್ಕೆ ಸಂಸ್ಥೆಯವರು ಸಂಕ್ರಾಂತಿಯವರೆಗೆ ಸಮಯ ಕೊಟ್ಟಿದ್ದರು. ನನಗೂ ಕೊಯ್ಲು ಶುರುವಾದರೆ ಬಿಡುವಿಲ್ಲ. ನೀನೇ ಹೋಗಿ ಬಾ ಅಂದ. ಸಂಸ್ಥೆಯವರು ಎರಡು ಡಬ್ಬಿಗಳ ಹೆಸರು ಹೇಳಿದ್ದರು, ಒಂದು ಚಿಕ್ಕದು, ಒಂದು ದೊಡ್ಡದು. ಬೆಲೆ ಹೆಚ್ಚು ಕಡಿಮೆ ಒಂದೇ. ಯಾವುದು ಅಂತ ಕೇಳಿ ನೋಡಿಯೇ ತಗೊಳ್ಳಬೇಕು ಅಂದಿದ್ದರಂತೆ.

ಮಲಗಿದ್ದಲ್ಲೇ ಅವನು ನನಗೆ ಪಾಠ ಮಾಡಿದ. ‘ಹೆಡ್‌ಫೋನ್ ನಂದೇ ತಗಂಡೋಗು. ಮೊದ್ಲು ಏನೂ ಹಾಡ್ಸಬೇಡ. ಡಬ್ಬಿ ಸಿಕ್ಸಿ, ವಾಲ್ಯೂಮ್ ಗುಂಡಿ ಮುಕ್ಕಾಲು ತಿರುಗ್ಸು. ಸುಮ್ಕೆ ಕೇಳು. ಏನೂ ಇಲ್ದಾಗ ಯಾವ್ದು ಸುಮ್ಕಿರ್ತದೋ ಅದನ್ನ ತಾ. ದೊಡ್ದು ಚಿಕ್ದು ನೋಡ್ಬೇಡ, ಅಂದ ಚಂದ ನೋಡ್ಬೇಡ.’

‘ನಂಗೆ ಅದೆಲ್ಲ ಎಂಗ್ ಗೊತ್ತಾಗ್ತದೋ?’

‘ನಿಂಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಗ್ಬೇಕು? ಪಲ್ಪರಲ್ಲಿ ಹರಳು ಹಿಡಿಯೋನು ನೀನು.’

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಹೆಡ್‌ಫೋನನ್ನು ಹಳೆಯ ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಬೆಳಗಿನ ಬಸ್ಸಿನಲ್ಲಿ ಸಕಲೇಶಪುರಕ್ಕೆ ಹೋಗಿ ಅಲ್ಲಿಂದ ಬೆಂಗಳೂರಿನ ಬಸ್ಸು ಹತ್ತಿದೆ.

ಅಂಗಡಿ ಒಂದನೇ ಮಹಡಿಯಲ್ಲಿತ್ತು, ಸಣ್ಣದು. ನೆಲಕ್ಕೆ ಕಾರ್ಪೆಟ್ಟು ಹಾಸಿದ್ದರು. ಚಪ್ಪಲಿ ಬಿಡಬೇಕೋ ಬೇಡವೋ ಗೊತ್ತಾಗದೆ ಬಿಟ್ಟೇ ಹೋದೆ. ಅಂಗಡಿಯವರು ನನ್ನಷ್ಟೇ ವಯಸ್ಸಿನವರು, ಸಮಾಧಾನದ ಮನುಷ್ಯ. ಎರಡು ಡಬ್ಬಿಗಳನ್ನೂ ಮೇಜಿನ ಮೇಲೆ ಇಟ್ಟರು. ಚಿಕ್ಕದು ಕಪ್ಪಗೆ, ಸೋಪಿನ ಡಬ್ಬಿಯಷ್ಟು, ಕಂಪ್ಯೂಟರಿನ ವೈರಿನಿಂದಲೇ ಕರೆಂಟು ತೆಗೆದುಕೊಳ್ಳುವಂಥದ್ದು. ದೊಡ್ಡದು ಬೆಳ್ಳಿ ಬಣ್ಣದ್ದು, ಒಳ್ಳೆ ತೂಕ, ಗೋಡೆಗೆ ಬೇರೆ ಪ್ಲಗ್ಗು. ಅದರ ಗುಂಡಿ ತಿರುಗಿಸಿದರೆ ತುಪ್ಪದಲ್ಲಿ ಬೆರಳಾಡಿಸಿದ ಹಾಗೆ ನಯವಾಗಿ ತಿರುಗುತ್ತಿತ್ತು.

ತಮ್ಮ ಹೇಳಿದಂತೆ ಏನೂ ಹಾಡಿಸಬೇಡಿ ಅಂದೆ. ‘ನೀವು ಗೊತ್ತಿರೋರು ಬಿಡಿ ಸಾರ್,’ ಅಂತ ಅವರು ನಕ್ಕರು. ಚಿಕ್ಕದನ್ನು ಸಿಕ್ಕಿಸಿದರು. ಮುಕ್ಕಾಲು ತಿರುಗಿಸಿದೆ. ಕಣ್ಣು ಮುಚ್ಚಿದೆ. ಏನೂ ಇಲ್ಲ. ದೊಡ್ಡದನ್ನು ಸಿಕ್ಕಿಸಿದರು. ಮುಕ್ಕಾಲು ತಿರುಗಿಸಿದೆ. ಏನೂ ಇಲ್ಲ. ಪೂರ್ತಿ ತಿರುಗಿಸಿದೆ. ಆಗಲೂ ಏನೂ ಇಲ್ಲ.

ಮತ್ತೆ ಚಿಕ್ಕದು, ಮತ್ತೆ ದೊಡ್ಡದು. ಎರಡರೊಳಗೂ ಒಂದೇ ಥರ ಹತ್ತಿ ತುಂಬಿದ ಹಾಗೆ.

‘ಗೊತ್ತಾಗ್ತಿದೆಯಲ್ಲ ವ್ಯತ್ಯಾಸ?’ ಅಂದರು ಅಂಗಡಿಯವರು.

‘ಹೂಂ,’ ಅಂದೆ.

ಅಂದರೆ ವ್ಯತ್ಯಾಸ ಇತ್ತು. ಅವರಿಗೆ ಗೊತ್ತಿತ್ತು, ನನಗೂ ಗೊತ್ತಾಗಬೇಕಾಗಿತ್ತು. ಹೆಡ್‌ಫೋನಿನ ಒಳಗೆ ನನ್ನ ಕಿವಿ ಬಿಸಿಯಾಗಿದ್ದು ನೆನಪಿದೆ. ಬೇರೆ ಏನೂ ಅನ್ನಿಸಿದ್ದು ನೆನಪಿಲ್ಲ.

ಜೊತೆಗೆ ತಂದಿದ್ದ ಪಾಠದ ಸಿ.ಡಿ. ಹಾಕಿ ಅಂದೆ. ಬೀಜ ಮೊಳೆಯುವ ಪಾಠ, ಓದುವವರು ಒಬ್ಬ ಹೆಂಗಸು. ಚಿಕ್ಕ ಡಬ್ಬಿಯಲ್ಲಿ ಕೇಳಿದೆ. ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗಿತ್ತು, ನನಗೆ ಎಲ್ಲರೂ ಕೇಳಿಸುವ ಹಾಗೆಯೇ. ದೊಡ್ಡದರಲ್ಲಿ ಗುಂಡಿ ತಿರುಗಿಸುತ್ತಾ ಹೋದೆ. ದನಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಒಂದು ಹಂತದಲ್ಲಿ ಆ ಹೆಂಗಸು ‘ಸಸಿ’ ಅಂದಾಗ ಎರಡು ಸಕಾರಗಳೂ ಬೇರೆ ಬೇರೆಯಾಗಿ ಕೇಳಿಸಿದವು. ವಾಕ್ಯಕ್ಕೆ ಮೊದಲು ಅವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಪುಟ ತಿರುಗಿಸಿದ್ದೂ ಕೇಳಿಸಿತು. ಎಷ್ಟು ವರ್ಷವಾಗಿತ್ತೋ, ಕಾಗದದ ಸದ್ದು ನನ್ನ ಕಿವಿಗೆ ಬಿದ್ದು. ಹಾಗೇ ನಿಂತೆ.

ಅಂಗಡಿಯವರು ಭುಜ ಮುಟ್ಟಿದರು. ಹೆಡ್‌ಫೋನ್ ತೆಗೆದೆ. ‘ಸ್ವಲ್ಪ ಕಮ್ಮಿ ಮಾಡ್ಕೊಳಿ ಸಾರ್. ನನಗೆ ಇಲ್ಲಿಗೇ ಪಾಠ ಕೇಳ್ತಿದೆ,’ ಅಂದರು. ಆಮೇಲೆ, ‘ಸದ್ದಿಲ್ಲದೆ ಇರೋದು ಯಾವ್ದು ಅಂತ ತಾನೆ ನೀವು ನೋಡ್ತಿರೋದು? ಬೇಕಾದ್ರೆ ನಾನೂ ಒಂದ್ಸಲ ಕೇಳಿ ಹೇಳ್ತೀನಿ,’ ಅಂದರು.

‘ಬೇಡ. ನಂಗೆ ಗೊತ್ತಾಯ್ತು. ದೊಡ್ಡದು ಕೊಡಿ.’

ಅವರು ನನ್ನನ್ನೇ ನೋಡಿದರು. ‘ಹದಿನೈದು ದಿನದೊಳಗೆ ತಂದ್ರೆ ಬದಲಾಯಿಸಿ ಕೊಡ್ತೀನಿ. ಚೀಟಿ ಕಳೀಬೇಡಿ,’ ಅಂತ ಹೇಳಿ ಕಟ್ಟಿಕೊಟ್ಟರು. ಆ ಮಾತನ್ನು ನನಗಾಗಿಯೇ ಹೇಳಿದರು ಅಂತ ಈಗ ಅನ್ನಿಸುತ್ತದೆ.

ಹೇಳಬೇಕಾದದ್ದು ಇದೇ. ಆ ಡಬ್ಬಿಯನ್ನು ನಾನು ತಮ್ಮನಿಗೆ ಅಂತ ಆರಿಸಲಿಲ್ಲ. ನನಗೆ ಕೇಳಿಸಿದ್ದು ಅದೊಂದೇ, ಅದಕ್ಕೆ ಆರಿಸಿದೆ.

ಮರುದಿನ ಬೆಳಿಗ್ಗೆ ತಮ್ಮ ದಿಂಬಿಗೆ ಒರಗಿ ಕೂತು ಡಬ್ಬಿಯ ಮೈಯನ್ನೆಲ್ಲ ಸವರಿ ನೋಡಿದ. ‘ಭಾರ ಐತಲ್ಲೋ,’ ಅಂದ. ಖುಷಿಯಲ್ಲಿದ್ದ. ಸಿಕ್ಕಿಸಿ, ಏನೂ ಹಾಡಿಸದೆ ಗುಂಡಿ ತಿರುಗಿಸಿದ. ಮುಖ ಸ್ವಲ್ಪ ಓರೆಯಾಯಿತು. ಹೆಡ್‌ಫೋನ್ ಕಿತ್ತ, ಮತ್ತೆ ಸಿಕ್ಕಿಸಿದ. ಮೂರು ನಾಲ್ಕು ಸಲ ಹಾಗೆ ಮಾಡಿದ.

‘ಸುಯ್ ಅಂತೈತೆ ಕಣಣ್ಣ.’

‘ಎಲ್ಲಿ?’

‘ಡಬ್ಬೀಲಿ. ಟೇಪಿನ ಸದ್ದಿನಂಗೇ ಐತೆ. ಕಿತ್ರೆ ಇಲ್ಲ, ಸಿಕ್ಸಿದ್ರೆ ಐತೆ. ಅಂಗಡೀಲಿ ಇತ್ತಾ?’

‘ಇರ್ಲಿಲ್ಲ.’

‘ಸರಿಯಾಗಿ ಕೇಳ್ದ್ಯಾ?’

‘ಎರಡೆರಡು ಸಲ ಕೇಳ್ದೆ. ಏನೂ ಇರ್ಲಿಲ್ಲ.’

ಇದರಲ್ಲಿ ಸುಳ್ಳು ಅಂತ ಒಂದು ಅಕ್ಷರವೂ ಇರಲಿಲ್ಲ, ನೋಡಿದರೆ. ಅವನು ನನ್ನನ್ನು ಅನುಮಾನಿಸಲಿಲ್ಲ. ಇಡೀ ಎಸ್ಟೇಟು ನಂಬುವ ಕಿವಿಯನ್ನು ಅವನು ಯಾಕೆ ಅನುಮಾನಿಸಬೇಕು? ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರೆ ನಮ್ ಕರೆಂಟು ಕಣೋ. ಅರ್ಥಿಂಗ್ ಸರಿ ಇಲ್ಲ,’ ಅಂದ.

ನಾನು ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹೌದು, ನಮ್ಮ ಕರೆಂಟೇ ಸರಿಯಿಲ್ಲ ಅಂದೆ. ಆಲೂರಿನಿಂದ ಎಲೆಕ್ಟ್ರಿಷಿಯನ್ನನ್ನು ಕರೆತಂದೆ. ಅವನು ಮೀಟರ್ ಬೋರ್ಡನ್ನು ನೋಡಿ, ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ಹೊಸದಾಗಿ ತೋಡಿದರೆ ಒಳ್ಳೆಯದೇ ಅಂದ. ಅದು ಯಾವ ಮನೆಗೆ ಹೇಳಿದರೂ ಸರಿಯಾಗುವ ಮಾತು. ಮನೆಯ ಹಿಂದೆ ಎದೆಮಟ್ಟದ ಗುಂಡಿ ನಾನೇ ತೋಡಿದೆ. ತಳಕ್ಕೆ ತಾಮ್ರದ ತಗಡು ಬೇಕಿತ್ತು. ಹಳೆಯ ಪಲ್ಪರಿನಿಂದ ಬಿಚ್ಚಿಟ್ಟಿದ್ದ ಹರಿದ ತಗಡೊಂದನ್ನು ಸ್ಟೋರಿನಿಂದ ಕೇಳಿ ತಂದೆ. ಅದರ ಮೇಲೆ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ‘ಭೂಮಿಗೇ ಉಪ್ಪಿನಕಾಯಿ ಹಾಕ್ತಿದ್ದೀರಲ್ರೀ! ಅಡಿಗೆ ಮನೇಲಿ ಒಂದು ಹರಳು ಉಪ್ಪಿಲ್ಲ.’

‘ಅತ್ಗೆ, ಮಾಗಿದ್ ಮೇಲೆ ನಿಂಗೂ ಒಂದು ಹೋಳು ಕೊಡ್ತೀವಿ,’ ಅಂದ ತಮ್ಮ ಒಳಗಿನಿಂದ.

ನಾನೂ ನಕ್ಕೆ. ಚೀಟಿ ನನ್ನ ಅಂಗಿಯ ಜೇಬಿನಲ್ಲಿತ್ತು. ಅಂದಿಗೆ ಒಂಬತ್ತು ದಿನವಾಗಿತ್ತು.

ಗುಂಡಿಗೆ ನೀರು ಹೊಯ್ದು ವೈರು ಎಳೆದ ಮೇಲೂ ಸುಯ್ ಸದ್ದು ಹಾಗೇ ಇತ್ತು. ತಮ್ಮ ಇನ್ನೊಂದು ಉಪಾಯ ಹೇಳಿದ. ಸಾಹುಕಾರರ ಬಂಗಲೆಯಲ್ಲಿ ಬ್ಯಾಟರಿ ಮೇಲೆ ನಡೆಯುವ ಒಳ್ಳೆಯ ಕರೆಂಟು ಇದೆ, ಒಂದು ಗಂಟೆ ಅಲ್ಲಿಗೆ ಕಂಪ್ಯೂಟರನ್ನೂ ಡಬ್ಬಿಯನ್ನೂ ಒಯ್ದು ಕೇಳೋಣ. ಅಲ್ಲೂ ಸದ್ದಿದ್ದರೆ ಡಬ್ಬಿಯದೇ ದೋಷ, ಬದಲಾಯಿಸಿದರಾಯಿತು. ಜೀಪು ಕೇಳಿದರೆ ಸಾಹುಕಾರರು ಇಲ್ಲ ಅನ್ನುತ್ತಿರಲಿಲ್ಲ. ಆದರೆ ಅಲ್ಲೂ ಸದ್ದು ಇರುತ್ತದೆ ಅಂತ ನನಗೆ ಗೊತ್ತಿತ್ತು. ಅದು ಅವರ ಮನೆಯ ಹಾಲಿನಲ್ಲಿ, ಅವರ ಎದುರಿಗೇ ಗೊತ್ತಾಗುತ್ತಿತ್ತು. ಅವರೂ ಹೆಡ್‌ಫೋನ್ ಹಾಕಿಕೊಂಡು, ‘ಇಷ್ಟು ಸದ್ದು ನಿಂಗೆ ಕೇಳಿಸಲಿಲ್ವೇನೋ?’ ಅನ್ನುತ್ತಿದ್ದರು. ಆಮೇಲೆ ಪಲ್ಪರ್ ಮನೆಯಲ್ಲಿ ನನ್ನನ್ನು ಯಾಕೆ ಇಟ್ಟುಕೊಳ್ಳಬೇಕು?

‘ಕೊಯ್ಲು ಶುರುವಾಗೈತೆ. ಮಿಷನ್ ಬಿಟ್ಟು ಬರಕ್ಕಾಗಲ್ಲ. ಮುಂದಿನ ವಾರ ನೋಡಾಣ,’ ಅಂದೆ.

‘ಹದಿನೈದು ದಿನ ಮುಗೀತದಲ್ಲೋ.’

‘ಅವ್ರು ಒಳ್ಳೇರು, ಒಂದೆರಡು ದಿನ ಆಚೀಚೆ ಆದ್ರೆ ಏನೂ ಅನ್ನಲ್ಲ.’

ಮುಂದಿನ ವಾರ ನಾನು ಮಾತೆತ್ತಲಿಲ್ಲ. ಅವನು ಒಮ್ಮೆ ಎತ್ತಿದ, ಆಮೇಲೆ ಬಿಟ್ಟ. ಸಂಕ್ರಾಂತಿ ಹತ್ತಿರ ಬರುತ್ತಿತ್ತು, ಕೆಲಸಕ್ಕೆ ಕೂತುಬಿಟ್ಟ.

ದಿನಕ್ಕೆ ಎಂಟು ಹತ್ತು ಗಂಟೆ ಕೂರುತ್ತಿದ್ದ. ನಾನು ಮಿಷನ್ ತೊಳೆದು ಬರುವ ಹೊತ್ತಿಗೂ ಹಾಗೇ ಕೂತಿರುತ್ತಿದ್ದ, ಕತ್ತು ಸ್ವಲ್ಪ ಎಡಕ್ಕೆ ಬಾಗಿಸಿಕೊಂಡು. ಕಷ್ಟ ಏನಾಗುತ್ತಿತ್ತು ಅಂತ ನನಗೆ ಅರ್ಥವಾದದ್ದು ಬಹಳ ತಡವಾಗಿ. ಕ್ಯಾಸೆಟ್ಟಿನ ಸುಯ್ ಸದ್ದನ್ನು ಅವನು ತೆಗೆಯುತ್ತಿದ್ದ. ತೆಗೆದ ಮೇಲೂ ಅವನ ಕಿವಿಯಲ್ಲಿ ಸುಯ್ ಅನ್ನುತ್ತಲೇ ಇರುತ್ತಿತ್ತು, ಡಬ್ಬಿಯದ್ದು. ಇದು ಡಬ್ಬಿಯದ್ದೋ, ಪಾಠದಲ್ಲಿ ಇನ್ನೂ ಉಳಿದದ್ದೋ ಬೇರೆ ಮಾಡಲು ಆಗುತ್ತಿರಲಿಲ್ಲ. ಉಳಿದಿದೆ ಅಂತ ಇನ್ನಷ್ಟು ತೆಗೆಯುತ್ತಿದ್ದ. ಅದರ ಜೊತೆ ದನಿಯೂ ಸವೆಯುತ್ತಿತ್ತು.

ಅವನಿಗೂ ಅನುಮಾನವಿತ್ತು. ಅದಕ್ಕೇ ಮುಗಿದ ಪಾಠಗಳನ್ನು ನನಗೆ ಕೇಳಿಸಿದ. ಬೀಜ ಮೊಳೆಯುವ ಪಾಠವನ್ನೇ ಹಾಕಿದ. ಆ ಹೆಂಗಸಿನ ಉಸಿರು ಇರಲಿಲ್ಲ, ಪುಟದ ಸದ್ದು ಇರಲಿಲ್ಲ. ಸಕಾರಗಳು ಮೊಂಡಾಗಿದ್ದವು. ನನಗೆ ಲೋಕವೆಲ್ಲ ಹಾಗೆಯೇ ಕೇಳಿಸುತ್ತಿತ್ತು. ಅದರಲ್ಲಿ ತಪ್ಪೇನು ಅಂತ ನಾನು ಹೇಗೆ ಹೇಳಲಿ?

‘ಎಂಗೈತೆ?’

‘ಚೆನ್ನಾಗೈತೆ.’

‘ಜಾಸ್ತಿ ಕೆರೆದುಬುಟ್ಟಿದ್ದೀನಾ?’

‘ಇಲ್ಲ ಕಣೋ. ಶುದ್ಧ ಐತೆ.’

ಹತ್ತು ಪಾಠಗಳೂ ಹಾಸನಕ್ಕೆ ಹೋದವು. ಸಂಕ್ರಾಂತಿ ಕಳೆದು ನಾಲ್ಕನೇ ದಿನಕ್ಕೆ ಫೋನು ಬಂತು. ಅವನು ಹೂಂ, ಹೂಂ ಅಂತ ಕೇಳಿಸಿಕೊಂಡು ಇಟ್ಟ. ಊಟಕ್ಕೆ ಕೂತಾಗ ಹೇಳಿದ, ಅನ್ನ ಕಲೆಸುತ್ತಾ. ‘ಓದೋರೆಲ್ಲ ಹಲ್ಲು ಬಿದ್ದೋರ ಥರ ಕೇಳ್ತಾರಂತೆ. ಮಕ್ಳಿಗೆ ತಿಳಿಯಲ್ಲಂತೆ. ಬೇರೆ ಇಬ್ರಿಗೆ ಕೊಟ್ಟಿದ್ದಾರಂತೆ ಕೆಲ್ಸ.’

‘ಇನ್ನೊಂದ್ಸಲ ಮಾಡಿ ಕೊಡ್ತೀನಿ ಅನ್ಬೇಕಾಗಿತ್ತು,’ ಅಂದಳು ನನ್ನ ಹೆಂಡತಿ.

‘ಇದೇ ಕರೆಂಟಲ್ಲಿ ಇನ್ನೊಂದ್ಸಲ ಮಾಡಿದ್ರೂ ಇಷ್ಟೇ ಅತ್ಗೆ. ಅವ್ರಿಗೂ ಅದೇ ಹೇಳ್ದೆ.’ ಆಮೇಲೆ ನನ್ನ ಕಡೆ ತಿರುಗಿ, ‘ನೀನು ಬೇಜಾರು ಮಾಡ್ಕಬೇಡ. ಗುಂಡಿ ತೋಡಿದ್ಯಲ್ಲ, ಕೈಲಾದಷ್ಟು ಮಾಡ್ದೆ,’ ಅಂದ.

ನಾನು ಮಜ್ಜಿಗೆ ಹಾಕಿಸಿಕೊಂಡೆ. ಆ ಹೊತ್ತು ಎದೆ ಒಡೆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ಅಂಗಡಿಯಲ್ಲಿ ಡಬ್ಬಿಯೊಳಗೆ ಕೇಳಿದ್ದು ಎದೆಯೊಳಗೂ ಇತ್ತು, ಅಷ್ಟೆ. ಹತ್ತಿ ತುಂಬಿದ ಹಾಗೆ.

ಅವನು ಮತ್ತೆ ಬೂತಿಗೆ ಹೋಗಲು ಶುರುಮಾಡಿದ. ಫೋನಿನ ಜಾಗದಲ್ಲಿ ಮೊಬೈಲಿಗೆ ದುಡ್ಡು ತುಂಬುವ ಚೀಟಿಗಳನ್ನು ಮಾರುತ್ತಿದ್ದ. ಕೆರೆದು ನಂಬರು ಓದಲು ಅವನಿಗೆ ಆಗುವುದಿಲ್ಲ, ಕೊಂಡವರೇ ಓದಿಕೊಳ್ಳಬೇಕು. ಕೆಲಸ ಏನಾಯ್ತೋ ಅಂತ ಕೇಳಿದವರಿಗೆಲ್ಲ, ‘ನಮ್ಮೂರ ಕರೆಂಟು ಒಪ್ಪಲಿಲ್ಲ ಮಾರಾಯ,’ ಅನ್ನುತ್ತಿದ್ದ.

ಮುಂದಿನ ವರ್ಷದ ಕೊಯ್ಲಿನಲ್ಲಿ ನನ್ನ ಸರದಿ ಬಂತು. ಹಣ್ಣು ಸುರಿಯುವವರ ಜೊತೆ ಮಾತಾಡುತ್ತಾ ಮಿಷನ್ನಿನ ಮೇಲಿಂದ ಕೈ ತೆಗೆದಿದ್ದೆ. ಕಲ್ಲು ಬಿತ್ತು. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರಂತೆ. ನಾನೊಬ್ಬ ನೋಡಲಿಲ್ಲ. ಯಾರೋ ಓಡಿಬಂದು ಇಂಜಿನ್ ನಿಲ್ಲಿಸುವ ಹೊತ್ತಿಗೆ ತಗಡು ಮೊಳದಷ್ಟು ಹರಿದಿತ್ತು.

ಸಾಹುಕಾರರು ಬಂದು ತಗಡನ್ನು ನೋಡಿದರು, ನನ್ನನ್ನು ನೋಡಿದರು. ಬಯ್ಯಲಿಲ್ಲ. ನನ್ನ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದರಂತೆ, ನಾನು ತಿರುಗಲಿಲ್ಲವಂತೆ. ‘ಎಷ್ಟು ದಿವ್ಸದಿಂದ ಹಿಂಗಾಗೈತೋ? ಹೇಳ್ಬಾರ್ದಾ?’ ಅಂದರು ಎದುರಿಗೆ ಬಂದು. ‘ನಾಳೆಯಿಂದ ಕಣದಲ್ಲಿರು. ಕಾಫಿ ಒಣಗ್ಸೋದು ನೋಡ್ಕ.’ ಕೂಲಿಯೂ ಅದೇ, ಎಸ್ಟೇಟಿನವರು ಆಳುಗಳಿಗೆ ಕೊಟ್ಟ ಲೈನಿನ ಮನೆಯೂ ಅದೇ. ಇಷ್ಟಕ್ಕೆ ನಾನು ಹೆದರಿದ್ದೆ.

ಅವರೇ ಹಾಸನದ ಕಿವಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಗಾಜಿನ ಕೋಣೆಯೊಳಗೆ ಕೂರಿಸಿ ತಲೆಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಅಂದರು. ನಾನು ಗುಂಡಿ ಹಿಡಿದು ಕಾದೆ. ಗಾಜಿನ ಆಚೆ ಹುಡುಗಿಯೊಬ್ಬಳು ಒಂದೊಂದೇ ಸ್ವಿಚ್ಚು ತಿರುಗಿಸುತ್ತಿದ್ದಳು. ಒಮ್ಮೊಮ್ಮೆ ಒತ್ತಿದೆ. ಆಮೇಲೆ ಬಹಳ ಹೊತ್ತು ಒತ್ತಲಿಲ್ಲ. ಅವಳ ಕೈ ಮಾತ್ರ ತಿರುಗುತ್ತಲೇ ಇತ್ತು.

ಡಾಕ್ಟರು ಗೆರೆ ಎಳೆದ ಕಾಗದ ತೋರಿಸಿದರು. ಗೆರೆ ಗದ್ದೆ ಬದುವಿನ ಹಾಗೆ ಸ್ವಲ್ಪ ದೂರ ನೆಟ್ಟಗೆ ಬಂದು ಇದ್ದಕ್ಕಿದ್ದಂತೆ ಕಂದಕಕ್ಕೆ ಇಳಿದಿತ್ತು. ‘ಸಣ್ಣ ಸದ್ದುಗಳು, ಸುಯ್, ಚಿಲಿಪಿಲಿ, ಇವೆಲ್ಲ ನಿಮಗೆ ಇಲ್ಲ. ಇಂಜಿನ್ ಪಕ್ಕದ ಕೆಲಸ ಅಲ್ವಾ? ಇದು ಇವತ್ತು ನಿನ್ನೆಯದಲ್ಲ, ಹತ್ತು ವರ್ಷವಾದರೂ ಆಗಿರಬೇಕು,’ ಅಂದರು. ಕಿವಿಗೆ ಮಿಷನ್ ಹಾಕಿಸಿಕೊಳ್ಳಿ ಅಂದರು. ನೋಡೋಣ ಅಂದೆ.

ಮನೆಗೆ ಬಂದಾಗ ತಮ್ಮ ಜಗಲಿಯಲ್ಲಿ ಕೂತಿದ್ದ. ಹೆಜ್ಜೆ ಗುರುತಿಸಿ ಜಾಗ ಬಿಟ್ಟ. ‘ಏನಂದ್ರು?’

‘ಕಿವಿ ಹೋಗೈತಂತೆ. ಮಿಷನ್ ಸದ್ದಿಗೆ.’

ಅವನು ನನ್ನ ಕಡೆ ತಿರುಗಿ ಕೂತ. ಆಮೇಲೆ ಸ್ವಲ್ಪ ಗಟ್ಟಿಯಾಗಿ, ನನಗೆ ಕೇಳಿಸಲಿ ಅಂತ, ಕೇಳಿದ. ‘ಯಾವಾಗಿಂದಂತೆ?’

ಕಾಗದ ನನ್ನ ಕೈಯಲ್ಲಿತ್ತು. ಅದನ್ನು ಅವನು ಓದುವಂತಿರಲಿಲ್ಲ.

‘ಈ ವರ್ಷದಿಂದ,’ ಅಂದೆ.

‘ಹಂಗಾದ್ರೆ ಅಂಗಡಿಗೆ ಹೋಗಿದ್ಯಲ್ಲ, ಅವಾಗ ಸರಿಯಾಗಿತ್ತಾ?’

‘ಸರಿಯಾಗಿತ್ತು.’

‘ಹೂಂ,’ ಅಂದ. ನನ್ನ ಮಂಡಿಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದ.

ಮೊದಲನೇ ಸಲ ಸುಳ್ಳು ಹೇಳಿದಾಗ ನನಗೆ ಹೆದರಿಕೆ ಇತ್ತು. ಎರಡನೇ ಸಲ ಹೆದರಲು ಏನೂ ಉಳಿದಿರಲಿಲ್ಲ. ಪಲ್ಪರ್ ಹೋಗಿತ್ತು, ಹೆಸರು ಹೋಗಿತ್ತು, ಎಲ್ಲರಿಗೂ ಗೊತ್ತಾಗಿತ್ತು. ಆ ಸುಳ್ಳಿಗೆ ನನ್ನ ಹತ್ತಿರ ಕಾರಣವಿಲ್ಲ. ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಡಬ್ಬಿ ಅವನ ಮೇಜಿನ ಮೇಲೇ ಇತ್ತು. ಅದರಲ್ಲಿ ಅವನು ಹಾಡು ಕೇಳುತ್ತಿದ್ದ. ಹಾಡಿಗೆ ಪರವಾಗಿಲ್ಲ, ಸುಯ್ ಸದ್ದು ಮುಚ್ಚಿಹೋಗುತ್ತದೆ ಅನ್ನುತ್ತಿದ್ದ. ಅವನು ಬೂತಿಗೆ ಹೋದ ಮೇಲೆ ನಾನು ಕೆಲವು ಸಲ ಅವನ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡಿದ್ದೇನೆ. ಸಂಸ್ಥೆಯವರು ಕೊಟ್ಟಿದ್ದ ಹಳೆಯ ಪಾಠ, ಅವನು ಕೈಯಿಡುವ ಮೊದಲಿನದು. ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಆ ಹೆಂಗಸು ಉಸಿರು ಎಳೆದುಕೊಳ್ಳುತ್ತಾರೆ, ಸಸಿ ಅನ್ನುತ್ತಾರೆ, ಪುಟ ತಿರುಗಿಸುತ್ತಾರೆ. ಮುಗಿದ ಮೇಲೆ ಗುಂಡಿಯನ್ನು ಅವನು ಇಟ್ಟಿದ್ದ ಜಾಗಕ್ಕೇ ತಂದು ಏಳುತ್ತಿದ್ದೆ.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ತಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತು, ‘ಅಣ್ಣ, ಗುಂಡಿಗೆ ನೀರು ಹಾಕಿದ್ಯಾ? ಒಣಗಿದ್ರೆ ಅರ್ಥಿಂಗ್ ಹಿಡಿಯಲ್ಲ,’ ಅಂದ. ಬಿಸಿಲು ಬಲವಾಗಿತ್ತು. ಮಣ್ಣು ಬಿರುಕು ಬಿಟ್ಟಿತ್ತು. ನಾನು ಬಾವಿಯಿಂದ ಎರಡು ಕೊಡ ಸೇದಿ ತಂದು ಗುಂಡಿಯ ಮೇಲೆ ಸುರಿದೆ. ನೀರು ನಿಲ್ಲದೆ ಇಳಿಯಿತು, ಗುಳ್ಳೆ ಎದ್ದು ಒಡೆದವು. ಅವನು ಬಾಗಿಲಲ್ಲೇ ಕತ್ತು ಎಡಕ್ಕೆ ಬಾಗಿಸಿ ನಿಂತಿದ್ದ.

‘ಹೀರ್ತಾ ಐತೆ ನೋಡು. ಸುಯ್ ಅಂತೈತೆ. ಕೇಳಿಸ್ತಾ?’

‘ಕೇಳಿಸ್ತು,’ ಅಂದೆ.